ಸ್ತ್ರೀಯರ ಪಂದ್ಯಗಳೂ ದೇಹಪರೀಕ್ಷೆಯೂ

ಸ್ತ್ರೀಯರ ಪಂದ್ಯಗಳಲ್ಲಿ ಭಾಗವಹಿಸಲು ಯಾರು ಅರ್ಹರು ಎಂಬ ವಿವಾದವು ನ್ಯಾಯಸ್ಥಾನಗಳನ್ನೂ ಪ್ರಯೋಗಶಾಲೆಗಳನ್ನೂ ಹೊಕ್ಕಿದೆ. ಗಂಡು ಭ್ರೂಣದ ಬೆಳವಣಿಗೆಗೆ ಚಾಲನೆ ಕೊಡುವ ಎಸ್‌ಆರ್‌ವೈ ಎಂಬ ವಂಶವಾಹಿಯು ದೇಹದಲ್ಲಿದೆಯೇ ಎಂದು ತಿಳಿಯಲು, ವಿಶ್ವ ಶ್ರೇಯಾಂಕದ ಸ್ಪರ್ಧೆಗಳ ಸ್ತ್ರೀವಿಭಾಗಕ್ಕೆ ಸೇರುವವರೆಲ್ಲರೂ ಜೀವಮಾನದಲ್ಲಿ ಒಂದಾವರ್ತಿ ಪರೀಕ್ಷೆಗೆ ಒಳಗಾಗಬೇಕೆಂಬ ನಿಯಮವನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯವರು 2025ನೆಯ ಸೆಪ್ಟೆಂಬರ್ 1ರಿಂದ ಜಾರಿಗೆ ತಂದರು.

ಇದು ದೂರದೇಶದ ಸಮಾಚಾರವೆಂದು ನಮ್ಮ ನಗರದವರು ಉದಾಸೀನರಾಗಿರುವಂತಿಲ್ಲ. ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯ ಬದಿಗೆ, ಜ್ಞಾನಭಾರತಿಯ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ನಾನಾ ಭಾಗಗಳ ತರುಣಿಯರು ಅಲ್ಲಿ ತರಬೇತಿ ಪಡೆಯುತ್ತಾರೆ. ಒಡಿಶಾದ ನೇಕಾರ ಕುಟುಂಬದ ದ್ಯುತಿ ಚಾಂದ್ ಎಂಬ ಓಟಗಾರ್ತಿಯನ್ನು 2014ರಲ್ಲಿ ಮೊದಲು ದೆಹಲಿಯಲ್ಲಿ, ತರುವಾಯ ನಮ್ಮ ಬೆಂಗಳೂರಿನಲ್ಲಿ ದೇಹಪರೀಕ್ಷೆಗೆ ಗುರಿಪಡಿಸಲಾಯಿತು. ಆಗ ಆಕೆಗೆ 18 ವರ್ಷ. ಮೊದಲ ಪರೀಕ್ಷೆಯ ನಿಜವಾದ ಉದ್ದೇಶವನ್ನು ತನಗೆ ತಿಳಿಸಲಿಲ್ಲವೆಂದು ಆಕೆ ಹೇಳಿದಳು. ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಿಗೆ ಹೋಗುವ ಅವಕಾಶ ತಪ್ಪಿತು. ಗೋಪ್ಯವಾಗಿರಬೇಕಾದ ವಿಷಯವು ಪತ್ರಿಕೆಗಳ ಪಾಲಾಯಿತು. ಆದರೆ ಆಕೆಯ ಮೇಲ್ಮನವಿಗೆ ಕ್ರೀಡಾ ಪ್ರಾಧಿಕಾರವೇ ಬೆಂಬಲವಾಗಿ ನಿಂತುದು ಸ್ಮರಣಾರ್ಹ. 2015ನೆಯ ಜುಲೈ 24ರಂದು ಕ್ರೀಡಾ ಪಂಚಾಯತಿ ನ್ಯಾಯಾಲಯವು, ನಿಯಮಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅದನ್ನು ತಡೆಹಿಡಿಯಿತು. ಆಕೆಯೇ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿಯ ಪದಕಗಳನ್ನು ದೇಶಕ್ಕೆ ತಂದಳು.

ಇಷ್ಟರಿಂದ ಯಾವ ನಿಯಮವೂ ಬೇಡವೆಂದು ನಾವು ಹೇಳುವುದಿಲ್ಲ. ಪುರುಷನ ಯೌವನಾವಸ್ಥೆಯು ಕೊಡುವ ಎತ್ತರ, ಸ್ನಾಯುಬಲಗಳ ಅಂತರವು ಅಭ್ಯಾಸದಿಂದ ತುಂಬತಕ್ಕದ್ದಲ್ಲ. ಅದಕ್ಕಾಗಿಯೇ ಸ್ತ್ರೀವಿಭಾಗವು ಪ್ರತ್ಯೇಕವಾಗಿರುವುದು. ಅದರ ಗಡಿಯನ್ನು ಕಾಯಬೇಕೆಂದು ಕೇಳುವ ಕ್ರೀಡಾಪಟುಗಳ ಮಾತಿನಲ್ಲಿ ನ್ಯಾಯವಿದೆ. ಆದರೆ ಪ್ರಕೃತಿಯು ಎಲ್ಲರ ದೇಹದಲ್ಲಿಯೂ ಒಂದೇ ಗೆರೆಯನ್ನು ಎಳೆದಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಪರೀಕ್ಷಿತರಾದ 3,387 ಸ್ತ್ರೀಯರಲ್ಲಿ 8 ಮಂದಿಗೆ ಈ ವಂಶವಾಹಿಯು ಕಂಡುಬಂದಿತು. ಎಂಟು ಮಂದಿಗೂ ಸ್ಪರ್ಧಿಸಲು ಅನುಮತಿ ದೊರೆಯಿತು. 1999ರಲ್ಲಿ ಒಲಿಂಪಿಕ್ ಸಮಿತಿಯು ಅಂತಹ ಸಾರ್ವತ್ರಿಕ ಪರೀಕ್ಷೆಯನ್ನೇ ಕೈಬಿಟ್ಟಿತು. 1990ರಲ್ಲಿ ಈ ವಂಶವಾಹಿಯನ್ನು ಕಂಡುಹಿಡಿದ ಆಂಡ್ರ್ಯೂ ಸಿಂಕ್ಲೇರರು, ಅದು ಇದೆಯೆಂಬುದನ್ನು ಮಾತ್ರ ಪರೀಕ್ಷೆಯು ತಿಳಿಸುತ್ತದೆ, ದೇಹದಲ್ಲಿ ಹೇಗೆ ಕೆಲಸಮಾಡುತ್ತದೆಂಬುದನ್ನಲ್ಲವೆಂದು 2025ರಲ್ಲಿ ಆಕ್ಷೇಪಿಸಿದರು.

ಆದುದರಿಂದ ನಿಯಮದಷ್ಟೇ ಅದನ್ನು ನಡೆಸುವ ರೀತಿಯೂ ವಿಚಾರಾರ್ಹವಾದುದು. ದಕ್ಷಿಣ ಆಫ್ರಿಕದ ಕ್ಯಾಸ್ಟರ್ ಸೆಮೆನ್ಯಾ ಅವರ ಪ್ರಕರಣದಲ್ಲಿ 2025ನೆಯ ಜುಲೈ 10ರಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು, ಸ್ವಿಟ್ಸರ್ಲೆಂಡಿನಲ್ಲಿ ಅವರ ಅಹವಾಲಿಗೆ ನ್ಯಾಯಯುತವಾದ ವಿಚಾರಣೆ ದೊರೆಯಲಿಲ್ಲವೆಂದು ತೀರ್ಮಾನಿಸಿತು. ವಿಶ್ವವಿಖ್ಯಾತ ಓಟಗಾರ್ತಿಯ ಗತಿಯೇ ಹೀಗಾದರೆ, ಹಳ್ಳಿಯಿಂದ ಬಂದು ತರಬೇತಿ ಶಿಬಿರದಲ್ಲಿರುವ ಹುಡುಗಿಯ ಪರವಾಗಿ ಮಾತನಾಡುವವರಾರು?

ಕ್ರೀಡಾ ಪ್ರಾಧಿಕಾರದವರೂ ಅಥ್ಲೆಟಿಕ್ಸ್ ಒಕ್ಕೂಟದವರೂ ಮಾಡಬೇಕಾದುದು ಸ್ಪಷ್ಟವಾಗಿದೆ. ಪರೀಕ್ಷೆಯ ಉದ್ದೇಶವನ್ನೂ ಪರಿಣಾಮವನ್ನೂ ಮುಂಚಿತವಾಗಿ ಆಕೆಯ ಭಾಷೆಯಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯಬೇಕು. ವರದಿಯು ಆಕೆಯ ಹಾಗೂ ವೈದ್ಯರ ಹೊರತು ಅನ್ಯರ ಕೈಗೆ ಅನಾವಶ್ಯಕವಾಗಿ ಹೋಗಕೂಡದು, ಬಹಿರಂಗಪಡಿಸಿದವರು ಶಿಕ್ಷಾರ್ಹರಾಗಬೇಕು. ಮೇಲ್ಮನವಿಯ ವೆಚ್ಚವನ್ನು ಸರಕಾರವು ವಹಿಸಬೇಕು. ಸ್ಪರ್ಧೆಯ ಬಾಗಿಲು ಮುಚ್ಚಿದರೂ ಆಕೆಯ ವಸತಿ, ವಿದ್ಯಾಭ್ಯಾಸಗಳಿಗೆ ಭಂಗ ಬರಬಾರದು. ಈ ಏರ್ಪಾಡುಗಳಾಗುವ ಮುನ್ನ ಜ್ಞಾನಭಾರತಿಯ ಯಾವ ತರುಣಿಯ ರಕ್ತವನ್ನೂ ಈ ಉದ್ದೇಶಕ್ಕಾಗಿ ತೆಗೆಯುವುದು ಯುಕ್ತವಲ್ಲ.