ದೈವವೋ, ದಾಸೋಹವೋ?

ಹಾಡುವ ಹುಡುಗನೊಬ್ಬ ಹೆಸರು ಮಾಡಿದರೆ ಜನ 'ಅವನ ದೈವ ಚಲೋ ಇತ್ತು' ಎನ್ನುತ್ತಾರೆ. ಇನ್ನೊಬ್ಬ ಹಾರ್ಮೋನಿಯಂ ಮಾರಿ ಹಮಾಲಿಗೆ ಹೋದರೆ 'ಅವನ ಹಣೆಯಲ್ಲಿ ಬರೆದಿರಲಿಲ್ಲ' ಎನ್ನುತ್ತಾರೆ. ಹೊಸರಿತ್ತಿಯ ಕಟ್ಟೆಯ ಮೇಲೂ ಹಾವೇರಿಯ ಪೇಟೆಯಲ್ಲೂ ಈ ಮಾತುಗಳು ಸವಕಲು ನಾಣ್ಯದಂತೆ ಓಡಾಡುತ್ತವೆ. ಒಮ್ಮೆ ತೂಗಿ ನೋಡುವುದು ಒಳ್ಳೆಯದು.

ದೈವವೆಂಬುದು ಇಲ್ಲವೇ ಇಲ್ಲವೆಂದು ನಾವು ವಾದಿಸುವುದಿಲ್ಲ. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟು ಅಂಧ. ಅವನ ಹಾಡು ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿದ್ದದ್ದು ದೈವವೇ ಸರಿ. ಆದರೆ ಮುಂದಿನದು ದೈವವಲ್ಲ. ಸ್ವಾಮಿಗಳು ಅವನಿಗೆ ಅನ್ನವಿಟ್ಟರು, ಸಂಗೀತ ಕಲಿಸಿದರು. ಅವನೇ ಪಂಚಾಕ್ಷರಿ ಗವಾಯಿಯಾದ. ಗವಾಯಿಗಳು ತಾವು ಉಂಡ ಋಣವನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ತೀರಿಸಿದರು. 1944ರಲ್ಲಿ ಅವರು ಕಣ್ಮುಚ್ಚಿದ ಮೇಲೆ ಅದೇ ತಾಲೂಕಿನ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಭಾರ ಹೊತ್ತರು. ಮಕ್ಕಳ ಊಟಕ್ಕಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಬಸವರಾಜ ರಾಜಗುರುಗಳಂಥವರು ಬೆಳೆದದ್ದು ಪಂಚಾಕ್ಷರಿ ಗವಾಯಿಗಳ ಈ ಪರಂಪರೆಯಲ್ಲೇ. ಅಲ್ಲಿ ಕೆಲಸ ಮಾಡಿದ್ದು ಹಣೆಬರಹವಲ್ಲ, ದಾಸೋಹ.

ಭೀಮಸೇನ ಜೋಶಿ 1933ರಲ್ಲಿ ಹನ್ನೊಂದರ ವಯಸ್ಸಿಗೆ ಸಂಗೀತದ ಹುಚ್ಚಿನಿಂದ ಮನೆ ಬಿಟ್ಟು ರೈಲು ಹತ್ತಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಹಾಗೆ ರೈಲು ಹತ್ತಿ ಹೆಸರಿಲ್ಲದೆ ಹೋದವರ ಕಥೆ ಹೇಳುವವರು ಯಾರು?

ಬ್ಯಾಡಗಿ ಪೇಟೆ ಬಲ್ಲವರಿಗೆ ಇದು ಹೊಸ ಪಾಠವಲ್ಲ. ಸಾಲಗಾರ ರೈತ ಮೆಣಸಿನಕಾಯಿ ತಂದ ದಿನವೇ ಸಿಕ್ಕ ದರಕ್ಕೆ ಕೊಡುತ್ತಾನೆ. ಉಳ್ಳವನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುತ್ತಾನೆ. ದರ ಏರಿದಾಗ ಅವನ ದೈವ ತೆರೆಯಿತೆನ್ನುತ್ತೇವೆ. ಸಂಗೀತಕ್ಕೂ ಹತ್ತು ಹನ್ನೆರಡು ವರ್ಷ ಕಾಯಬೇಕು. ಗಿರಣಿ ಕಾರ್ಮಿಕನ ಮಗ ಅಷ್ಟು ವರ್ಷ ಯಾರ ಅನ್ನ ಉಣ್ಣಬೇಕು?

ಕಲಿತ ಮೇಲಾದರೂ ಬದುಕು ಹಗುರವೇ? ಲಗ್ನದ ದಿನಗಳಲ್ಲಿ, ಜಾತ್ರೆಯಲ್ಲಿ ನಾಲ್ಕು ಕಾಸು. ಆಷಾಢ ಬಂದರೆ ಕೈ ಬರಿದು. ಮುಖ್ಯ ಗಾಯಕನಿಗೆ ಶಾಲು, ಹಾರ. ತಬಲಾ ಸಾಥೀದಾರನಿಗೆ 'ನಾಳೆ ಬಾ'. ಇಂದು ಟಿವಿಯ ಹಾಡಿನ ಸ್ಪರ್ಧೆ, ಮೊಬೈಲಿನ ವಿಡಿಯೋ ಹೊಸ ಲಾಟರಿಯಾಗಿವೆ. ಗೆದ್ದ ಒಬ್ಬನ ಮುಖ ಎಲ್ಲರಿಗೂ ಕಾಣುತ್ತದೆ. ಸೋತ ಸಾವಿರ ಮಂದಿಯ ಬಸ್ ಚಾರ್ಜು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗೆಂದು ಹಾಡುವ ಮಗುವಿನ ಬಾಯಿ ಮುಚ್ಚಿಸಬೇಡಿ. ಲಾಟರಿಯ ಆಸೆಗೆ ಇದ್ದ ಹೊಲ ಒತ್ತೆ ಇಡಲೂ ಬೇಡಿ. ಕೈಯಲ್ಲೊಂದು ಕಸುಬಿರಲಿ, ಕೊರಳಲ್ಲಿ ಹಾಡಿರಲಿ.

ಉಳಿದದ್ದು ಊರಿನ ಕೆಲಸ. ಜಾತ್ರಾ ಕಮಿಟಿಯವರು ಸಂಚಕಾರವನ್ನು ಮುಂಗಡವಾಗಿ ಕೊಡಲಿ. ಸಾಥೀದಾರರ ಪಾಲನ್ನು ಅದೇ ರಾತ್ರಿ ಚುಕ್ತಾ ಮಾಡಲಿ. ಸರ್ಕಾರಿ ಶಾಲೆಗಳಿಗೆ ಸಂಗೀತ ಶಿಕ್ಷಕರು ಬರಲಿ. ಮುಪ್ಪಿನಲ್ಲಿ ಕಲಾವಿದರಿಗೆ ಮಾಸಾಶನ ಕೊಡುವ ಸರ್ಕಾರ, ಕಲಿಯುವ ವಯಸ್ಸಿನವರ ಊಟ ವಸತಿಗೂ ಕೈ ಬಿಚ್ಚಲಿ. ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಮಕ್ಕಳು ಅಲ್ಲೇ ಉಂಡು, ಅಲ್ಲೇ ಇದ್ದು ಕಲಿಯುತ್ತಾರೆ. ಹೊಟ್ಟೆಯ ಚಿಂತೆ ತಪ್ಪಿದರೆ ವಿದ್ಯೆ ನಿಲ್ಲುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಕಾಡಶೆಟ್ಟಿಹಳ್ಳಿಯ ಹುಡುಗನಿಗೆ ಒಬ್ಬ ಸ್ವಾಮಿಗಳು ಸಿಕ್ಕರು. ಸಿಗದ ಮಕ್ಕಳಿಗೆ ಸಮಾಜವೇ ಆ ಸ್ಥಾನದಲ್ಲಿ ನಿಲ್ಲಬೇಕು. ಅದನ್ನು ದೈವದ ಪಾಲಿಗೆ ಬಿಟ್ಟು ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ.