ಕಳ್ಳನ ಪೂರ್ವಪಕ್ಷ

ಕಳೆದ ತಿಂಗಳ ಸಂಚಿಕೆಯಲ್ಲಿ ಮಿತ್ರರೊಬ್ಬರು, ಅಮೆರಿಕದ ರಿಕ್ ರೈಯರ್ಡನ್ ಎಂಬ ಗ್ರಂಥಕರ್ತನು 2005ರಲ್ಲಿ ಪ್ರಕಟಿಸಿದ 'ದ ಲೈಟ್ನಿಂಗ್ ಥೀಫ್' ಎಂಬ ಕಾದಂಬರಿಯನ್ನೆತ್ತಿಕೊಂಡು, ನಮ್ಮ ಮನೆಗಳ ಮಕ್ಕಳು ಇಂತಹ ಪುಸ್ತಕಗಳನ್ನು ಮುಟ್ಟಲೇಬಾರದೆಂದು ಬಹು ಖಾರವಾಗಿ ಬರೆದಿರುವರು. ಅವರ ಆಕ್ಷೇಪದ ಸಾರವಿಷ್ಟು: ಒಂದು ಪುರಾತನ ಜನಾಂಗದವರು ಭಕ್ತಿಯಿಂದ ಪೂಜಿಸಿದ ದೇವತೆಗಳನ್ನು ಇಲ್ಲಿ ನಗೆಗೀಡುಮಾಡಲಾಗಿದೆ, ಅನ್ಯರ ದೇವತೆಗಳನ್ನು ನೋಡಿ ನಕ್ಕ ಮಕ್ಕಳು ನಾಳೆ ನಮ್ಮ ದೇವತೆಗಳನ್ನೂ ನೋಡಿ ನಗುವರು. ಅವರ ವಯಸ್ಸಿಗೂ ವಿದ್ವತ್ತಿಗೂ ನಮಸ್ಕರಿಸಿ, ಅವರ ತೀರ್ಮಾನವನ್ನು ನಾನು ಒಪ್ಪಲಾರೆನೆಂದು ಹೇಳಬೇಕಾಗಿದೆ. ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಇವೆ, ಬಲು ದೊಡ್ಡವೇ ಇವೆ. ಆದರೆ ಮಿತ್ರರು ದೋಷವಿಲ್ಲದೆಡೆಯಲ್ಲಿ ದೋಷವನ್ನೆಣಿಸಿ, ಇರುವೆಡೆಯನ್ನು ಕಣ್ಣೆತ್ತಿಯೂ ನೋಡದೆ ದಾಟಿಹೋಗಿರುವರು.

ನಾನು ಈ ಪುಸ್ತಕವನ್ನು ಆಸೆಪಟ್ಟು ಓದಿದವನಲ್ಲ. ಪಾಠಶಾಲೆಯಲ್ಲಿ ಅಮರವನ್ನೂ ರಘುವಂಶವನ್ನೂ ಬಾಯಿಪಾಠ ಮಾಡಿ ಬೆಳೆದವನಿಗೆ ಇಂತಹ ಕಥೆಗಳಲ್ಲಿ ರುಚಿ ಹುಟ್ಟುವುದು ಸುಲಭವಲ್ಲ. ಆದರೆ 13 ವರ್ಷದ ನನ್ನ ಮೊಮ್ಮಗಳು ಒಂದು ಸಂಜೆ ಪುಸ್ತಕವನ್ನು ಮುಚ್ಚಿ ನನ್ನ ಎದುರಿಗೆ ಬಂದು ಕುಳಿತು, "ಅಜ್ಜ, ಈ ಕಳ್ಳ ಹೇಳಿದ್ದರಲ್ಲಿ ಸುಳ್ಳೇನಿದೆ?" ಎಂದು ಕೇಳಿದಳು. ಯಾವ ಕಳ್ಳ, ಏನು ಹೇಳಿದ, ಎಂಬುದು ನನಗೆ ತಿಳಿಯದು. ತಿಳಿಯದೆ ಉತ್ತರ ಹೇಳುವ ಅಭ್ಯಾಸ ಮೇಷ್ಟರುಗಳಿಗೆ ಉಂಟಾದರೂ ಅಂದು ಅದಕ್ಕೆ ಮನಸ್ಸಾಗಲಿಲ್ಲ. ಅದಕ್ಕಾಗಿ ಓದಿದೆ, ಓದಿದಮೇಲೆ ಅದರ ಮುಂದಿನ ನಾಲ್ಕು ಸಂಪುಟಗಳನ್ನೂ ಓದಿದೆ. ಕಥೆ ಮುಗಿಯುವುದು 2009ರಲ್ಲಿ ಬಂದ ಐದನೆಯದರಲ್ಲಿ.

ಓದದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪರ್ಸಿ ಜಾಕ್ಸನ್ ಎಂಬ 12 ವರ್ಷದ ಹುಡುಗನು ಶಾಲೆಯಿಂದ ಶಾಲೆಗೆ ಉಚ್ಚಾಟಿತನಾಗುತ್ತ ನ್ಯೂಯಾರ್ಕಿನಲ್ಲಿ ತಾಯಿಯೊಡನೆ ಇರುವನು. ಅವನು ಸಮುದ್ರದೇವತೆಯಾದ ಪೊಸೈಡನ್ನನ ಮಗನೆಂದು ತಿಳಿಯುತ್ತದೆ. ದೇವರಾಜನಾದ ಜ್ಯೂಸನ ವಜ್ರಾಯುಧ ಕಳವಾಗಿದೆ. ಅಪವಾದ ಈ ಹುಡುಗನ ತಲೆಯಮೇಲೆ ಬಂದಿದೆ. ಅದನ್ನು ಹುಡುಕಿ ತರಲು ಅವನು ಇಬ್ಬರು ಸ್ನೇಹಿತರೊಡನೆ ಹೊರಟು, ಲಾಸ್ ಏಂಜಲೀಸ್ ನಗರದಲ್ಲಿ ಬಾಗಿಲಿರುವ ಪಾತಾಳದವರೆಗೆ ಹೋಗಿಬರುವನು. ದೇವತೆಗಳ ನೆಲೆಯಾದ ಒಲಿಂಪಸ್ ಈಗ ಎಂಪೈರ್ ಸ್ಟೇಟ್ ಬಿಲ್ಡಿಂಗಿನ 600ನೆಯ ಅಂತಸ್ತಿನಲ್ಲಿದೆ! ಆ ಕಟ್ಟಡಕ್ಕೆ ವಾಸ್ತವವಾಗಿ ಇರುವುದು 102 ಅಂತಸ್ತು.

ಇನ್ನು ದೇವತಾನಿಂದೆಯ ಮಾತು. ಡಯೊನೈಸಸ್ ಎಂಬ ಮದ್ಯದೇವತೆಯು ಇಲ್ಲಿ ತಪ್ಪಿಗೆ ದಂಡನೆಯಾಗಿ ಮಕ್ಕಳ ಶಿಬಿರವೊಂದರ ಮೇಲ್ವಿಚಾರಕನಾಗಿ, ಮದ್ಯ ನಿಷೇಧಿಸಲ್ಪಟ್ಟು, ಸೋಡದಂತಹ ಪಾನಕವನ್ನು ಕುಡಿಯುತ್ತ, ಮಕ್ಕಳ ಹೆಸರುಗಳನ್ನು ತಪ್ಪುತಪ್ಪಾಗಿ ಕರೆಯುತ್ತ ಗೊಣಗಾಡುತ್ತಿರುವುದು ಮಿತ್ರರಿಗೆ ಸಹಿಸಲಿಲ್ಲ. ಒಳ್ಳೆಯದು. ಕ್ರಿಸ್ತಪೂರ್ವ 405ರಲ್ಲಿ ಅಥೆನ್ಸಿನವರು ಇದೇ ದೇವತೆಯನ್ನು ಏನು ಮಾಡಿದರೆಂಬುದನ್ನು ಅವರು ಕೇಳಬೇಕು. ಅರಿಸ್ಟೋಫನೀಸನ 'ಕಪ್ಪೆಗಳು' ಎಂಬ ನಾಟಕದಲ್ಲಿ ಡಯೊನೈಸಸ್ಸನು ಹೆರಾಕ್ಲೀಸನ ಸಿಂಹಚರ್ಮವನ್ನು ಹೊದ್ದು ಪಾತಾಳಕ್ಕಿಳಿಯುತ್ತಾನೆ. ದಾರಿಯಲ್ಲಿ ಹೆದರಿ ನಡುಗಿ ಬಟ್ಟೆ ಕೆಡಿಸಿಕೊಳ್ಳುತ್ತಾನೆ. ದೇವತೆಯು ಯಾರು, ಆಳು ಯಾರು ಎಂದು ಗೊತ್ತುಮಾಡುವುದಕ್ಕಾಗಿ ಅವನಿಗೂ ಅವನ ಆಳಿಗೂ ಸರದಿಯಂತೆ ಏಟು ಬೀಳುತ್ತದೆ. ಇದು ಆಡಲ್ಪಟ್ಟುದು ಅದೇ ಡಯೊನೈಸಸ್ಸನ ಉತ್ಸವದಲ್ಲಿ. ಮೊದಲ ಬಹುಮಾನವೂ ಇದಕ್ಕೇ ಬಂದಿತು. ಭಯಗೊಂಡ ದೇವತೆಯು ಸಭೆಯಲ್ಲಿ ಕುಳಿತ ತನ್ನ ಅರ್ಚಕನನ್ನೇ ಕಾಪಾಡೆಂದು ಕೂಗುವ ಪ್ರಸಂಗವೂ ಅಲ್ಲಿದೆ. ಪೂಜಿಸುವವರೇ ಇಷ್ಟು ನಕ್ಕಮೇಲೆ ನಮ್ಮ ಮಿತ್ರರಿಗೆ ಅವರ ಪರವಾಗಿ ಕೋಪವೇಕೆ? ದೇವತೆಗಳನ್ನು ಬೇರೆ ದೇಶಕ್ಕೂ ಕಾಲಕ್ಕೂ ಸಾಗಿಸಿದ್ದು ಅಪರಾಧವೆನ್ನುವುದೂ ನಿಲ್ಲದು. ಸೊಫೊಕ್ಲೀಸನ ಏಜಾಕ್ಸನನ್ನು ನಮ್ಮ ಬಿ. ಎಂ. ಶ್ರೀಕಂಠಯ್ಯನವರು ಅಶ್ವತ್ಥಾಮನನ್ನಾಗಿ ಮಾಡಿ ಕನ್ನಡದಲ್ಲಿ ನಿಲ್ಲಿಸಲಿಲ್ಲವೆ?

ಅದಂತಿರಲಿ. ನಿಜವಾದ ದೋಷಗಳಲ್ಲಿ ಎರಡನ್ನು ಮಾತ್ರ ಹೇಳುವೆನು. ಮೊದಲನೆಯದು, ಎರಡನೆಯ ಮಹಾಯುದ್ಧವು ಮೂಲತಃ ಜ್ಯೂಸ್ ಮತ್ತು ಪೊಸೈಡನ್ನರ ಮಕ್ಕಳು ಒಂದು ಕಡೆ, ಪಾತಾಳಾಧಿಪತಿಯಾದ ಹೇಡೀಸನ ಮಕ್ಕಳು ಇನ್ನೊಂದು ಕಡೆ ಸೇರಿ ಮಾಡಿದ ಜಗಳವೆಂದು ಈ ಪುಸ್ತಕ ಹೇಳುತ್ತದೆ. ಕೋಟ್ಯಂತರ ಜನರು ಸತ್ತ ಯುದ್ಧ ಅದು. ಅದನ್ನು ಮಾಡಿದವರು ಮನುಷ್ಯರು. ಲೆಕ್ಕ ಬರೆದು, ರೈಲು ಹತ್ತಿಸಿ, ಸಾಮಾನ್ಯ ಗುಮಾಸ್ತರ ರುಜುವಿನೊಡನೆ ಮಾಡಿದರು. ಅದನ್ನು ದಾಯಾದಿಗಳ ಕಲಹವೆಂದು ಎಳೆಯ ಮಕ್ಕಳಿಗೆ ಹೇಳುವುದು ವಿನೋದವಲ್ಲ, ಅವಿವೇಕ. ದೇವತೆಗಳು ಪಶ್ಚಿಮದ ಪ್ರಬಲ ರಾಜ್ಯ ಯಾವುದೋ ಅಲ್ಲಿಗೆ ಗ್ರೀಸಿನಿಂದ ರೋಮಿಗೆ, ಕೊನೆಗೆ ಅಮೆರಿಕಕ್ಕೆ ಬಿಡಾರ ಬದಲಾಯಿಸುತ್ತ ಬಂದರೆಂಬ ಕಲ್ಪನೆಯೂ ಇದೇ ಜಾತಿಯದು. ಬಲವಿದ್ದಲ್ಲಿ ದೇವರಿರುವನೆಂಬ ಮಾತನ್ನು ಗೆದ್ದವರಲ್ಲದೆ ಮತ್ತಾರೂ ಆಡರು.

ಎರಡನೆಯ ದೋಷವನ್ನು ಹೇಳುವಾಗ ನನ್ನ ಮಾತು ತುಸು ತಗ್ಗುತ್ತದೆ. ಈ ಪರ್ಸಿಗೆ ಅಕ್ಷರಗಳು ಕಣ್ಣಮುಂದೆ ಈಜಾಡಿದಂತಾಗಿ ಓದಲು ಬಾರದು; ಒಂದೆಡೆ ಸುಮ್ಮನೆ ಕೂರಲೂ ಆಗದು. ಇವುಗಳಲ್ಲಿ ಓದಲು ಬಾರದಿರುವ ತೊಂದರೆಗೆ ಮಾತ್ರ ವೈದ್ಯರು ಡಿಸ್ಲೆಕ್ಸಿಯಾ ಎನ್ನುವರು. ಗ್ರಂಥಕರ್ತನು ಹಿಂದೆ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದವನು. ಅವನ ಸ್ವಂತ ಮಗನಿಗೆ ಈ ತೊಂದರೆಯಿತ್ತು, ಆ ಮಗನಿಗೆ ರಾತ್ರಿ ಮಲಗುವ ಹೊತ್ತಿನಲ್ಲಿ ಹೇಳಿದ ಕಥೆಯೇ ಈ ಪುಸ್ತಕವಾಯಿತು. ಅದನ್ನು ತಿಳಿದಾಗ ನನಗೆ ಅವನಲ್ಲಿ ಗೌರವವುಂಟಾಯಿತು. ಕಥೆಯಲ್ಲಿ ಅವನು ಕೊಡುವ ಸಮಾಧಾನವೇನೆಂದರೆ, ಹುಡುಗನ ಬುದ್ಧಿಯು ಪ್ರಾಚೀನ ಗ್ರೀಕ್ ಭಾಷೆಗೆ ಹೊಂದಿಕೊಂಡುದು, ಆದ್ದರಿಂದ ಇಂಗ್ಲಿಷು ಹತ್ತುವುದಿಲ್ಲ. ಅವನ ಚಾಂಚಲ್ಯವು ರಣರಂಗದ ಎಚ್ಚರ. ತಂದೆಯು ಮಗನಿಗೆ ಹೇಳಿದ ಮಾತಾಗಿ ಇದು ಎಷ್ಟು ಸೊಗಸೋ, ಅಚ್ಚಾಗಿ ಎಲ್ಲರ ಕೈಗೆ ಹೋದಾಗ ಅಷ್ಟು ಸರಿಯಲ್ಲ. ದೇವತೆಯ ಮಗನಲ್ಲದ ಹುಡುಗನಿಗೆ ಅಕ್ಷರ ಹತ್ತದಿದ್ದರೆ ಅವನ ಗತಿಯೇನು?

ನನ್ನ ತರಗತಿಯಲ್ಲಿ ಅಂತಹ ಹುಡುಗನೊಬ್ಬನಿದ್ದನು. 'ಕಮಲ' ಎಂದು ಹೇಳಿದರೆ 'ಕಲಮ' ಎಂದು ಬರೆಯುವನು. ತಿದ್ದಿಸಿದರೆ ಮತ್ತೆ 'ಕಲಮ'ವೇ. ಬೇಕೆಂದೇ ಮಾಡುತ್ತಾನೆಂದು ನಾನು ನಂಬಿದೆ. ಬೆಂಚಿನಮೇಲೆ ನಿಲ್ಲಿಸಿದೆ, ಕೈಗೆ ಬೆತ್ತವನ್ನೂ ಕೊಟ್ಟೆ. ಏಳನೆಯ ತರಗತಿಯ ನಡುವೆ ಅವನು ಬರುವುದನ್ನು ಬಿಟ್ಟನು. ನಾನು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದೆ. ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ನಾನು ಕೇಳಿದುದು ನಿವೃತ್ತನಾಗುವುದಕ್ಕೆ ಕೆಲವೇ ವರ್ಷ ಮುಂಚೆ. ಆ ಹುಡುಗನಿಗೆ ಅಂದು ಯಾರಾದರೂ ನೀನು ಸಮುದ್ರರಾಜನ ಮಗನೆಂದು ಹೇಳಿದ್ದರೆ ಅವನು ಮರುದಿನವೂ ಶಾಲೆಗೆ ಬರುತ್ತಿದ್ದನೋ ಏನೋ. ಆದ್ದರಿಂದ ಈ ದೋಷವನ್ನು ದೋಷವೆಂದು ಹೇಳುವೆನು. ಇದಕ್ಕಾಗಿ ಪುಸ್ತಕವನ್ನು ಮನೆಯಿಂದ ಹೊರಗೆ ಹಾಕೆನ್ನುವ ಅಧಿಕಾರ ನನಗಿಲ್ಲ.

ಈಗ ಕಳ್ಳನ ವಿಷಯಕ್ಕೆ ಬರೋಣ. ದೇವತೆಗಳು ಮರ್ತ್ಯರಲ್ಲಿ ಪಡೆದ ಮಕ್ಕಳಿಗೆ ಲಾಂಗ್ ಐಲೆಂಡಿನಲ್ಲಿ ಒಂದು ಶಿಬಿರವಿದೆ. 12 ಮಂದಿ ದೇವತೆಗಳಿಗೆ 12 ಮನೆ. ತಂದೆಯಾಗಲಿ ತಾಯಿಯಾಗಲಿ 'ಇದು ನನ್ನ ಮಗು' ಎಂದು ಕುರುಹು ತೋರಿಸಿದರೆ ಮಗುವಿಗೆ ಆ ಮನೆ. ತೋರಿಸದಿದ್ದರೆ ಹರ್ಮೀಸನ ಮನೆ, ಏಕೆಂದರೆ ಅವನು ದಾರಿಹೋಕರ ದೇವತೆ. ಆ ಮನೆಯಲ್ಲಿ ಮಕ್ಕಳು ನೆಲದಮೇಲೆ ಒತ್ತೊತ್ತಾಗಿ ಮಲಗಿರುವರು. ಜ್ಯೂಸ್ ಮತ್ತು ಪೊಸೈಡನ್ನರ ದೊಡ್ಡ ಮನೆಗಳು ಬೀಗ ಹಾಕಿದಂತೆ ಬರಿದಾಗಿರುವುವು. ಈ ಒಂದು ಚಿತ್ರಕ್ಕಾಗಿಯೇ ಗ್ರಂಥಕರ್ತನ ನೂರು ತಪ್ಪುಗಳನ್ನು ಕ್ಷಮಿಸಬಹುದು. ಆ ಇಕ್ಕಟ್ಟಿನ ಮನೆಯ ಹಿರಿಯ ಹುಡುಗ, ಹರ್ಮೀಸನ ಮಗ, ಲ್ಯೂಕ್. ಅವನೇ ಕಳ್ಳ. ಅವನ ದೂರು ಇದು: ಇವರು ನಮ್ಮನ್ನು ಹುಟ್ಟಿಸಿದರು, ತಿರುಗಿ ನೋಡಲಿಲ್ಲ, ತಮಗೆ ಬೇಕಾದಾಗ ಕೆಲಸಕ್ಕೆ ಕಳುಹಿಸಿದರು. ಮೊಮ್ಮಗಳು ಕೇಳಿದ್ದು ಇದನ್ನೇ. ಇದರಲ್ಲಿ ಸುಳ್ಳೇನಿದೆ?

ಈ ದೂರು ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಗ್ರಂಥಕರ್ತನ ಮೂಲ ಇದೋ ಅಲ್ಲವೋ, ಯೂರಿಪಿಡೀಸನ 'ಅಯಾನ್' ನಾಟಕದಲ್ಲಿ ಇದು 2400 ವರ್ಷಗಳ ಹಿಂದೆಯೇ ಇದೆ. ಅಥೆನ್ಸಿನ ರಾಜಪುತ್ರಿ ಕ್ರೆಯೂಸಾ. ಅವಳನ್ನು ಅಪೊಲೊ ದೇವತೆಯು ಗುಹೆಯೊಂದರಲ್ಲಿ ಬಲಾತ್ಕರಿಸಿದನು. ಅವಳು ಗುಟ್ಟಾಗಿ ಹೆತ್ತು ಶಿಶುವನ್ನು ಅಲ್ಲಿಯೇ ಬಿಟ್ಟಳು. ಶಿಶುವನ್ನೆತ್ತಿ ಡೆಲ್ಫಿಯ ದೇವಾಲಯದ ಮೆಟ್ಟಿಲಮೇಲೆ ಇಟ್ಟುಬಂದವನು ಯಾರು? ಹರ್ಮೀಸ್! ನಾಟಕದ ಆರಂಭದಲ್ಲಿ ಅವನೇ ಬಂದು ಇದನ್ನು ಹೇಳುತ್ತಾನೆ. ಮಗುವು ಬೆಳೆದು ದೇವಾಲಯದ ಕಸ ಗುಡಿಸುವ ಹುಡುಗನಾಗಿದ್ದಾನೆ. ತಾಯಿಯು ಅಲ್ಲಿಗೆ ಬಂದು, ಸಖಿಯೊಬ್ಬಳ ಕಥೆಯೆಂಬಂತೆ ತನ್ನ ಕಥೆಯನ್ನೇ ಹೇಳಲು, ಅದು ತನ್ನ ಹುಟ್ಟಿನ ಕಥೆಯೆಂದು ತಿಳಿಯದ ಆ ಹುಡುಗನು ತಾನು ಸೇವಿಸುವ ದೇವತೆಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಧರ್ಮವನ್ನು ವಿಧಿಸತಕ್ಕವರೇ ಅದನ್ನು ಮೀರುವುದು ಯಾವ ನ್ಯಾಯವೆಂದೂ, ಅಪೊಲೊ ಪೊಸೈಡನ್ ಜ್ಯೂಸರು ಇಂತಹ ಅಪರಾಧಗಳಿಗೆಲ್ಲ ದಂಡ ತೆರುವಂತಾದರೆ ಅವರ ದೇವಾಲಯಗಳೇ ಬರಿದಾಗುವುವೆಂದೂ ಅವನ ಮಾತಿನ ತಾತ್ಪರ್ಯ. ನಾಟಕದ ಕೊನೆಯಲ್ಲಿ ಅಪೊಲೊ ಬರುವನೆಂದು ನಾವು ಕಾಯುತ್ತೇವೆ. ಅವನು ಬರುವುದಿಲ್ಲ. ಹಳೆಯ ಮಾತೆಲ್ಲಿ ಎದುರಿಗೆ ಬಂದೀತೋ ಎಂದು ತನ್ನ ಬದಲಿಗೆ ಅಥೀನೆಯನ್ನು ಕಳುಹಿಸುತ್ತಾನೆ. ನಮ್ಮ ಸೂರ್ಯನಾದರೋ ಕರ್ಣನ ಕನಸಿಗೆ ಬಂದು ಕವಚಕುಂಡಲಗಳನ್ನು ಕೊಡಬೇಡವೆಂದು ಎಚ್ಚರಿಸುವಷ್ಟಾದರೂ ಮಾಡಿದನು.

ಹೀಗಿರಲು ರೈಯರ್ಡನ್ನನ ಮೇಲೆ ನಾನು ಹೊರಿಸುವ ಆರೋಪ ಮಿತ್ರರ ಆರೋಪಕ್ಕೆ ನೇರ ವಿರುದ್ಧವಾದುದು. ಅವನು ದೇವತೆಗಳನ್ನು ಅತಿಯಾಗಿ ನಿಂದಿಸಲಿಲ್ಲ. ಮೊದಲನೆಯ ಸಂಪುಟದಲ್ಲಿ ಸಾಲದಷ್ಟೇ ನಿಂದಿಸಿದನು. ಸತ್ಯವಾದ ದೂರನ್ನು ತಂದು ವಿಷದ ಚೇಳನ್ನು ಸ್ನೇಹಿತನ ಮೇಲೆ ಬಿಡುವವನ ಬಾಯಲ್ಲಿಟ್ಟನು. ಲ್ಯೂಕನು ಕ್ರೋನಸ್ ಎಂಬ ದೈತ್ಯನ ಆಳೆಂದೂ, ಜಗತ್ತನ್ನೇ ಸುಡಬಯಸುವನೆಂದೂ ತೋರಿಸಿದ ಕೂಡಲೆ ಓದುವ ಮಗುವು ದೂರನ್ನೂ ಅವನೊಡನೆ ಹೊರಗೆ ನೂಕುತ್ತದೆ. ವಾದಿಯು ದುಷ್ಟನಾದರೆ ವಾದವು ಬಿದ್ದುಹೋಗುವುದೆಂದು ಯಾವ ತರ್ಕಶಾಸ್ತ್ರದಲ್ಲಿದೆ? ಪೂರ್ವಪಕ್ಷವನ್ನು ಬಲವಾಗಿ ನಿಲ್ಲಿಸಿ ಉತ್ತರ ಹೇಳದೆ ಎದ್ದುಹೋದಂತಾಯಿತು. ಪೊಸೈಡನ್ನನು ಮಗನ ಮುಂದೆ ನಿಂತು, ನಿನ್ನನ್ನು ಹುಟ್ಟಿಸಿದ್ದೇ ನನ್ನ ತಪ್ಪೆನ್ನುತ್ತಾನೆ. ಅದು ಉತ್ತರವಲ್ಲ, ನಿಟ್ಟುಸಿರು.

ಅದೇ ಸಂಪುಟದಲ್ಲಿ ತಾಯಿಯ ವಿಷಯದಲ್ಲಿ ಮಾತ್ರ ಅವನು ಹಳೆಯ ಕಥೆಗಿಂತ ಮುಂದೆ ಹೋಗಿರುವನು. ಹಿಂದಿನ ಪರ್ಸ್ಯೂಸನು ತನ್ನ ತಾಯಿಯನ್ನು ಪೀಡಿಸಿದ ಅರಸನನ್ನು ಮೆಡೂಸೆಯ ಶಿರಸ್ಸಿನಿಂದ ತಾನೇ ಕಲ್ಲುಮಾಡಿದನು. ಈ ಪರ್ಸಿಯು, ತಾಯಿಯನ್ನು ಹೊಡೆಯುವ ಗಂಡನಿರುವ ಮನೆಯಲ್ಲಿ ಅದೇ ಶಿರಸ್ಸಿನ ಪೆಟ್ಟಿಗೆಯನ್ನಿಟ್ಟು, ತೀರ್ಮಾನವನ್ನು ಅವಳಿಗೇ ಬಿಟ್ಟು ಹೋಗುತ್ತಾನೆ. ಅವಳು ತೀರ್ಮಾನಿಸುತ್ತಾಳೆ.

ಉತ್ತರ ದೊರೆಯುವುದು ಐದನೆಯ ಸಂಪುಟದಲ್ಲಿ. ಅಲ್ಲಿ ಲ್ಯೂಕನ ತಾಯಿಯನ್ನು ಕಾಣುತ್ತೇವೆ. ಬುದ್ಧಿ ಕೆಟ್ಟು, ಮಗ ಇಂದು ಬರುವನೆಂದು ದಿನದಿನವೂ ಅವನಿಗೆ ಬುತ್ತಿ ಕಟ್ಟುತ್ತಿರುವ ಹೆಂಗಸು. ಹರ್ಮೀಸನಿಗೆ ಇದೆಲ್ಲ ಗೊತ್ತು. ಕೊನೆಯಲ್ಲಿ ಲ್ಯೂಕನು ತನ್ನ ದೇಹವನ್ನು ಹೊಕ್ಕ ಕ್ರೋನಸನನ್ನು ಕೊಲ್ಲಲು ತನ್ನನ್ನೇ ಇರಿದುಕೊಂಡು ಸಾಯುತ್ತಾನೆ. ದೇವತೆಗಳು ಮೆಚ್ಚಿ ಪರ್ಸಿಗೆ ಅಮರತ್ವವನ್ನು ಕೊಡಬಂದಾಗ ಅವನು ಅದನ್ನು ಬೇಡವೆಂದು, ಇನ್ನು ಮುಂದೆ ಪ್ರತಿಯೊಬ್ಬ ದೇವತೆಯೂ ತನ್ನ ಮಕ್ಕಳನ್ನು 13 ವರ್ಷ ತುಂಬುವುದರೊಳಗೆ ನನ್ನವರೆಂದು ಒಪ್ಪಬೇಕು, ಸಣ್ಣ ದೇವತೆಗಳ ಮಕ್ಕಳಿಗೂ ಶಿಬಿರದಲ್ಲಿ ಮನೆ ಬೇಕು, ಎಂದು ವರ ಕೇಳುತ್ತಾನೆ. ಕಳ್ಳನ ದೂರನ್ನೇ ಅವನು ವರವಾಗಿ ಬೇಡಿದನಷ್ಟೆ. ಯೂರಿಪಿಡೀಸನ ನಾಟಕದಲ್ಲಿ ಅಪೊಲೊ ಬಾರದೆ ತಪ್ಪಿಸಿಕೊಂಡ ಸಭೆಗೆ ಇಲ್ಲಿ ದೇವತೆಗಳೆಲ್ಲರೂ ಬಂದು ಕೂರಬೇಕಾಯಿತು. ಸ್ಟಿಕ್ಸ್ ನದಿಯ ಮೇಲೆ ಆಣೆ ಇಡಬೇಕಾಯಿತು. ಇದನ್ನು ಓದಿದ ಮಗುವು ದೇವತೆಗಳನ್ನು ನಗುವುದನ್ನು ಕಲಿಯುವುದೆಂದು ಮಿತ್ರರ ಭಯ. ತಂದೆತಾಯಿಗಳನ್ನು ಲೆಕ್ಕ ಕೇಳುವುದನ್ನು ಕಲಿತೀತೆಂದು ಅವರು ಹೇಳಿದ್ದರೆ ನಾನು ಒಪ್ಪುತ್ತಿದ್ದೆ, ಭಯಪಡುತ್ತಿರಲಿಲ್ಲ.

ಮಿತ್ರರು ಮೊದಲನೆಯ ಸಂಪುಟವನ್ನೂ ಪೂರ್ತಿ ಓದಿದಂತೆ ಅವರ ಲೇಖನದಿಂದ ತೋರುವುದಿಲ್ಲ. ಐದೂ ಸಂಪುಟಗಳನ್ನು ನಮ್ಮ ಸಂಘದ ಪುಸ್ತಕಾಲಯದಲ್ಲಿ ಇಡಲು ಮೊಮ್ಮಗಳು ಒಪ್ಪಿದ್ದಾಳೆ. ಮೂರನೆಯದರ ಹೊದಿಕೆ ಕಿತ್ತಿದೆ, ಎಚ್ಚರದಿಂದ ಹಿಡಿಯಬೇಕೆಂದು ಹೇಳಿದ್ದಾಳೆ. ಮಿತ್ರರು ಕೊನೆಯದರಿಂದಲೇ ಪ್ರಾರಂಭಿಸಿದರೂ ಅವಳದೇನೂ ಆಕ್ಷೇಪವಿಲ್ಲ; ಪುಟದ ಮೂಲೆಗಳನ್ನು ಮಾತ್ರ ಮಡಿಸಬಾರದು.