ತಂತಿ ಅದೇ, ಲೋಹ ಬೇರೆ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಬಿ.ಎಸ್ಸಿ. ಮುಗಿಯಿತೆಂದರೆ ನೌಕರಿಯ ಮಾತು. ಸಂಶೋಧನೆಯ ಮಾತೆತ್ತುವವರು ಕಡಿಮೆ. ಅದು ದೊಡ್ಡ ಊರಿನವರ ಕೆಲಸವೆಂಬ ಅಂಜಿಕೆ. ಆದ್ದರಿಂದ ಈ ಸಲ ಅಂಥ ಒಂದು ಸಂಶೋಧನೆಯನ್ನೇ ನೋಡೋಣ. ಅದನ್ನು ತಿಳಿಯಲು ಬಿದರಿ ಹೂದಾನಿ ಸಾಕು. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವಲ್ಲ!

ಬಿದರಿ ಎಂದರೆ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕ. ಬೆಳ್ಳಿ ಕೂರಿಸಿದ ಮೇಲೆ ಹಳೆಯ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದುತ್ತಾರೆ. ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ, ಆಕಾರ ಮಾತ್ರ ಹಾಗೇ ಇರುತ್ತದೆ.

ಅರೆವಾಹಕವೆಂದರೆ ತಾಮ್ರದಷ್ಟು ಸಲೀಸಾಗಿ ವಿದ್ಯುತ್ ಹರಿಸದ, ಗಾಜಿನಂತೆ ಪೂರ್ತಿ ತಡೆಯದ ವಸ್ತು. ಅದರ ನ್ಯಾನೋ ತಂತಿಯ ದಪ್ಪ ತಲೆಗೂದಲಿನ ಸಾವಿರದಲ್ಲೊಂದು ಪಾಲು. ಕ್ಯಾಡ್ಮಿಯಂ ಸಲ್ಫೈಡಿನ ಹಳದಿ ತಂತಿಯನ್ನು ತಾಮ್ರದ ಲವಣದ ದ್ರಾವಣದಲ್ಲಿ ಕೆಲವು ಕ್ಷಣ ಅದ್ದಿದರೆ, ಕ್ಯಾಡ್ಮಿಯಂ ಅಯಾನೊಂದು ಹೊರಬಿದ್ದಲ್ಲಿ ತಾಮ್ರದ ಎರಡು ಅಯಾನುಗಳು ಬಂದು ಕೂರುತ್ತವೆ. ಗಂಧಕದ ಚೌಕಟ್ಟು ಹೆಚ್ಚು ಕಡಿಮೆ ಇದ್ದಂತೆಯೇ ಇರುತ್ತದೆ. ಮನೆ ಅದೇ, ಬಾಡಿಗೆಯವರು ಬೇರೆ ಎನ್ನಿ. ತಂತಿ ತೀರ ಸಣ್ಣದಾದ್ದರಿಂದಲೇ ಇದು ಇಷ್ಟು ಬೇಗ ಆಗುವುದು. ದೊಡ್ಡ ಹರಳಿನಲ್ಲಿ ಬಹಳ ಕಾಲ ಹಿಡಿಯುತ್ತದೆ.

ಜೊತೆಗೆ ವಿದ್ಯುತ್ತಿನ ಗುಣವೂ ಬದಲಾಗುತ್ತದೆ. ಮೊದಲಿನ ತಂತಿಯಲ್ಲಿ ವಿದ್ಯುತ್ ಒಯ್ಯುವವು ಎಲೆಕ್ಟ್ರಾನುಗಳು. ತಾಮ್ರ ಸೇರಿದ ಮೇಲೆ ಎಲೆಕ್ಟ್ರಾನಿಲ್ಲದ ಖಾಲಿ ಜಾಗಗಳು, ಅಂದರೆ ‘ರಂಧ್ರ’ಗಳು. ಬಿದರಿಯಂತೆ ಹೊರಮೈಯನ್ನಷ್ಟೇ ಬದಲಿಸಿ ತಿರುಳನ್ನು ಉಳಿಸಿದರೆ, ಬೆಳಕು ಬಿದ್ದಾಗ ಎರಡರ ಗಡಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 2011ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪೈಡಾಂಗ್ ಯಾಂಗ್ ಅವರ ತಂಡ ಇಂಥ ಸೌರಕೋಶದಿಂದ ಶೇ. 5.4 ದಕ್ಷತೆ ಪಡೆಯಿತು. ಮನೆ ಮಾಡಿನ ಸಿಲಿಕಾನ್ ಫಲಕದ ಮುಂದೆ ಇದು ಕಡಿಮೆಯೇ. ಸುಲಭವಾಗಿ ಒಳಹೊಕ್ಕ ತಾಮ್ರ ಅಲ್ಲಿಗೇ ನಿಲ್ಲುವುದಿಲ್ಲ. ಹಿಂದಿನ ತೆಳುಪದರದ ಕೋಶಗಳು ಸೊರಗಿದ್ದು ಹೀಗೆಯೇ. ಕ್ಯಾಡ್ಮಿಯಂ ವಿಷ ಬೇರೆ.

ನಮಗೆ ಹೆಚ್ಚು ಬೆರಗು ತಂದದ್ದು ಅಳತೆಯ ಕೆಲಸ. ಒಂದೇ ತಂತಿಯನ್ನು ಹಾಸಿ ಲೋಹದ ನಾಲ್ಕು ಬೆಸುಗೆ ಕೂರಿಸುತ್ತಾರೆ. ಹೊರಗಿನ ಎರಡರಿಂದ ವಿದ್ಯುತ್ ಹರಿಸಿ ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಇಲ್ಲವಾದರೆ ಬೆಸುಗೆಯ ರೋಧವೂ ತಂತಿಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇಂಥ ಸೂಕ್ಷ್ಮ ಕೆಲಸದ ಪ್ರಯೋಗಶಾಲೆಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮುಂಬಯಿಯ ಐಐಟಿಯಲ್ಲೂ ಇವೆ. ಹೊರಗಿನ ಕಾಲೇಜಿನ ಸಂಶೋಧಕರಿಗೂ ಅಲ್ಲಿ ತರಬೇತಿ ಕೊಟ್ಟಿದ್ದಾರೆ. ಎಂ.ಎಸ್ಸಿ.ಗೆ ರಸಾಯನಶಾಸ್ತ್ರವೋ ಭೌತಶಾಸ್ತ್ರವೋ ಎನ್ನುವವರಿಗೆ ಉತ್ತರ: ಈ ಕೆಲಸಕ್ಕೆ ಎರಡೂ ನಡೆಯುತ್ತದೆ.